ಅವರಿಗೂ ಮಾತಾಡಲು ಬಿಡಿ

ಮಾನ್ಯ ಸಂಪಾದಕರೇ,

ಆಸ್ಟ್ರೇಲಿಯಾದ ಎಬಿಸಿ ಟಿವಿಯಲ್ಲಿ ಪತ್ರಕರ್ತೆ ಕ್ಯಾರೊಲಿನ್ ಜೋನ್ಸ್ ದಶಕಗಟ್ಟಲೆ ದುಡಿದರು. 1972ರಲ್ಲಿ ‘ಫೋರ್ ಕಾರ್ನರ್ಸ್’ ಎಂಬ ತನಿಖಾ ವರದಿ ಕಾರ್ಯಕ್ರಮ ನಡೆಸಿಕೊಡಲು ಬಂದ ಮೊದಲ ಮಹಿಳೆ. ಆದರೆ ನನಗೆ ಜಾಸ್ತಿ ಇಷ್ಟ, ಅವರು 1996ರಿಂದ 2016ರವರೆಗೆ ನಿರೂಪಿಸಿದ ‘ಆಸ್ಟ್ರೇಲಿಯನ್ ಸ್ಟೋರಿ’. ಶುರುವಿನಲ್ಲಿ ಪರಿಚಯ ಹೇಳಿ ಸರಿದುಬಿಡುತ್ತಿದ್ದರು. ಆಮೇಲೆ ವರದಿಗಾರರ ದನಿಯಿಲ್ಲ, ಅನುಭವಿಸಿದವರದೇ ಮಾತು.

ನಮ್ಮ ಸಕಲೇಶಪುರದ ಕಡೆ ಕಾಫಿ ತೋಟಕ್ಕೆ ಕಾಡಾನೆ ನುಗ್ಗಿದರೆ ಕ್ಯಾಮೆರಾ ಓಡಿ ಬರುತ್ತದೆ. ಕಳೆದ ಸಲ ನಮ್ಮ ಲೈನ್ ಮನೆಯ (ತೋಟದ ಕಾರ್ಮಿಕರ ವಸತಿ) ಹೆಂಗಸೊಬ್ಬರು, ಬೆಳಿಗ್ಗೆ ಹಣ್ಣು ಕೊಯ್ಯಲು ಹೋಗುವಾಗಿನ ಭಯ ಹೇಳತೊಡಗಿದರು. ಮೈಕ್ ಹಿಡಿದವರು ಅರ್ಧಕ್ಕೇ ತಡೆದು ತಾವೇ ಕೂಗತೊಡಗಿದರು. ಬಹಳ ನೋವಾಯಿತು. ಕನ್ನಡ ವಾಹಿನಿಗಳು ವಾರಕ್ಕೆ ಅರ್ಧ ಗಂಟೆಯನ್ನಾದರೂ ಇಂಥವರಿಗೇ ಬಿಟ್ಟುಕೊಡಬಹುದು, ಅಲ್ವಾ?

– ಕಾಫಿ ಬೆಳೆಗಾರ, ಸಕಲೇಶಪುರ