ವ್ಯಾನಿನಲ್ಲಿ ನಾವು ಬೆಚ್ಚಗಿರುವ ಬಗೆ

ತೀರ್ಥರೂಪ ಅಪ್ಪನವರಿಗೂ ಅಮ್ಮನಿಗೂ ನಿಮ್ಮ ಮಗಳ ನಮಸ್ಕಾರಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ಅಪ್ಪ, ಮೊನ್ನೆ ಫೋನಿನಲ್ಲಿ ನೀವು “ಆ ಮುಚ್ಚಿದ ವ್ಯಾನಿನೊಳಗೆ ಬೆಂಕಿ ಹಾಕಿಕೊಂಡು ಮಲಗಬೇಡಿ” ಅಂದಿರಿ. ಆ ಮಾತಿಗೆ ಸಾವಧಾನವಾಗಿ ಉತ್ತರ ಕೊಡಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಈ ಚಳಿಗಾಲದಲ್ಲಿ ಬಂದು ನಮ್ಮ ಜೊತೆ ಸುತ್ತಾಡುತ್ತೇನೆ ಎಂದು ತಮ್ಮ ಅನ್ನುತ್ತಿದ್ದಾನಲ್ಲ, ಅವನೂ ಓದಲಿ.

ನಿಮ್ಮ ಭಯ ಸರಿಯಾದದ್ದೇ. ಇದ್ದಿಲಾಗಲಿ, ಗ್ಯಾಸಾಗಲಿ, ಸೌದೆಯಾಗಲಿ, ಸಾಕಷ್ಟು ಗಾಳಿ ಸಿಗದೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ಸ್ವಲ್ಪವೇ ಇದ್ದರೂ ಹೊತ್ತು ಕಳೆದಂತೆ ಮೈಯೊಳಗೆ ಕೂಡುತ್ತಾ ಹೋಗುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದೀತು. ನಿದ್ದೆ ಹೋದವರಿಗೆ ಅದೂ ತಿಳಿಯುವುದಿಲ್ಲ. ಹೊಗೆ ನಿಂತಿತು, ಇನ್ನೇನು ಭಯ ಎಂದು ಇದ್ದಿಲಿನ ಕೆಂಡವನ್ನು ಗಾಡಿಯೊಳಗೆ ತಂದಿಟ್ಟುಕೊಳ್ಳುವವರಿದ್ದಾರೆ. ಮಂದವಾಗಿ ಕನಲುವ ಆ ಕೆಂಡವೇ ಈ ವಿಷವನ್ನು ಧಾರಾಳವಾಗಿ ಬಿಡುವುದು. ಹಾಗಾಗಿ ನಮ್ಮಲ್ಲಿ ಒಂದೇ ನಿಯಮ: ಬಿಸಿಗಾಗಿ ಉರಿಸುವುದು ಏನೇ ಇರಲಿ, ಅದು ಹೊರಗಿನ ಗಾಳಿಯನ್ನೇ ತೆಗೆದುಕೊಂಡು ಹೊಗೆಯನ್ನು ಹೊರಗೇ ಬಿಡಬೇಕು. ಅಡುಗೆಯ ಒಲೆಯನ್ನು ಅಡುಗೆಗೆ ಮಾತ್ರ ಹಚ್ಚುತ್ತೇವೆ, ಆಗ ಮೇಲಿನ ಕಿಂಡಿ ತೆರೆದೇ ಇರುತ್ತದೆ. ಚಳಿ ಕಾಯಿಸಲು ಅದನ್ನು ಮುಟ್ಟುವುದಿಲ್ಲ.

ಹಾಗಾದರೆ ಬಿಸಿ ಎಲ್ಲಿಂದ? ಮುಂದಿನ ಸೀಟಿನ ಕೆಳಗೆ ಚಿಕ್ಕದೊಂದು ಡೀಸೆಲ್ ಹೀಟರ್ ಇದೆ. ಬಚ್ಚಲ ಹಂಡೆಯಲ್ಲಿ ಉರಿಗೂ ನೀರಿಗೂ ನಡುವೆ ತಾಮ್ರ ಇರುವ ಹಾಗೆ, ಇದರಲ್ಲಿ ಉರಿಗೂ ನಾವು ಉಸಿರಾಡುವ ಗಾಳಿಗೂ ನಡುವೆ ಲೋಹದ ಗೋಡೆ ಇದೆ. ಉರಿಗೆ ಬೇಕಾದ ಗಾಳಿ ಗಾಡಿಯ ಅಡಿಯಿಂದ ಒಂದು ಕೊಳವೆಯಲ್ಲಿ ಬರುತ್ತದೆ, ಹೊಗೆ ಇನ್ನೊಂದು ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಒಳಗಿನ ಗಾಳಿ ಆ ಬಿಸಿ ಲೋಹವನ್ನು ಸವರಿಕೊಂಡು ಬರುತ್ತದೆ, ಅಷ್ಟೇ. ಎರಡು ಕಿಲೋವ್ಯಾಟಿನ ಇಂಥ ಹೀಟರ್ ಸಣ್ಣ ಉರಿಯಲ್ಲಿ ಗಂಟೆಗೆ ಸುಮಾರು 0.1 ಲೀಟರ್, ಪೂರ್ತಿ ಉರಿಯಲ್ಲಿ ಕಾಲು ಲೀಟರಿನಷ್ಟು ಡೀಸೆಲ್ ಕುಡಿಯುತ್ತದೆ. ಆರಿಸಿದ ಮೇಲೂ ಅದರ ಫ್ಯಾನ್ ಕೆಲವು ನಿಮಿಷ ತಿರುಗಿ ಒಳಭಾಗ ತಣ್ಣಗಾಗಬೇಕು, ನಡುವೆ ಬ್ಯಾಟರಿಯ ಸಂಪರ್ಕ ತಪ್ಪಿಸಬಾರದು. ಸದಾ ಸಣ್ಣ ಉರಿಯಲ್ಲೇ ಇಟ್ಟರೆ ಮಸಿ ಕಟ್ಟುತ್ತದೆ, ಅದಕ್ಕೇ ಆಗಾಗ ಸ್ವಲ್ಪ ಹೊತ್ತು ಪೂರ್ತಿ ಉರಿಸುತ್ತೇವೆ. ಹೊಗೆ ಕೊಳವೆಯ ಬಾಯಿ ಗಾಡಿಯ ಅಡಿಯಲ್ಲೇ ಮುಗಿಯದೆ ಪಕ್ಕಕ್ಕೆ ಬಂದಿರಬೇಕು. ಹಿಮ ಬಿದ್ದ ರಾತ್ರಿ ಇವರು ಟಾರ್ಚ್ ಹಿಡಿದು ಹೋಗಿ ಅದರ ಬಾಯಿ ಮುಚ್ಚಿಲ್ಲವೇ ಎಂದು ನೋಡಿ ಬರುತ್ತಾರೆ. ಎಷ್ಟೇ ಸೋಮಾರಿತನ ಬಂದರೂ ಇದು ತಪ್ಪುವುದಿಲ್ಲ. ಬಿಸಿಗಾಗಿ ಗಾಡಿಯ ಇಂಜಿನ್ ಓಡಿಸಿಟ್ಟು ಮಲಗುವುದಂತೂ ಇಲ್ಲವೇ ಇಲ್ಲ. ಸುತ್ತ ಹಿಮ ಕಟ್ಟಿಕೊಂಡರೆ ಇಂಜಿನ್ನಿನ ಹೊಗೆ ಒಳಕ್ಕೇ ನುಗ್ಗುತ್ತದೆ.

ಇಷ್ಟಾದ ಮೇಲೂ ಯಂತ್ರವನ್ನು ಕಣ್ಣುಮುಚ್ಚಿ ನಂಬಲಾಗುವುದಿಲ್ಲ. ಹಾಸಿಗೆಯ ಹತ್ತಿರ, ಮಲಗಿದಾಗ ಮುಖ ಇರುವ ಎತ್ತರದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿದ್ದೇವೆ. ಯುರೋಪಿನ ಮಾನದಂಡಗಳಲ್ಲಿ ಇಂಥ ವಾಹನಗಳಿಗೂ ದೋಣಿಗಳಿಗೂ ಎಂದೇ ಇಎನ್ 50291-2 ಎಂಬುದಿದೆ, ಕೊಳ್ಳುವಾಗ ಅದನ್ನು ನೋಡಿಯೇ ಕೊಂಡೆವು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ಅನಿಲ 50 ಪಾಲು ಇದ್ದರೆ ಅದು ಒಂದರಿಂದ ಒಂದೂವರೆ ಗಂಟೆಯೊಳಗೆ ಕೂಗುತ್ತದೆ. 300 ಪಾಲಿದ್ದರೆ 3 ನಿಮಿಷದೊಳಗೆ. ಅದು ಕೂಗಿದರೆ ಯಾಕೆ, ಏನು ಎಂದು ಹುಡುಕುತ್ತಾ ಕೂರಬಾರದು. ಬಾಗಿಲು ತೆರೆದು, ಹೊದಿಕೆ ಸಮೇತ ಹೊರಗೆ ಓಡಬೇಕು. ಒಳಗೆ ತಲೆನೋವಿದ್ದು ಹೊರಗೆ ಬಂದಾಗ ಕಡಿಮೆಯಾದರೆ, ಅಲಾರಂ ಸುಮ್ಮನಿದ್ದರೂ ಅದೇ ಎಚ್ಚರಿಕೆ. ಅಡುಗೆ ಗ್ಯಾಸಿನ ಸೋರಿಕೆಗೆ ಬೇರೆ ಅಲಾರಂ ಬೇಕು. ಆ ಗ್ಯಾಸ್ ಗಾಳಿಗಿಂತ ಭಾರ, ನೆಲಕ್ಕಿಳಿಯುತ್ತದೆ, ಆದ್ದರಿಂದ ಅದನ್ನು ನೆಲದ ಹತ್ತಿರ ಹಾಕಿದೆ.

ಅಮ್ಮ, ನೀನು “ಕಿಟಕಿ ಎಲ್ಲ ಭದ್ರವಾಗಿ ಮುಚ್ಚಿಕೊಂಡು ಮಲಗಿ” ಅಂದೆ. ಅದೊಂದನ್ನು ಮಾತ್ರ ನಾವು ಮಾಡುವುದಿಲ್ಲ. ಗಾಳಿಯಾಡುವ ಕಿಂಡಿಗಳನ್ನು ಬಟ್ಟೆ ತುರುಕಿ ಮುಚ್ಚಿದರೆ ಉಸಿರಿಗೂ ಕಷ್ಟ, ಗಾಡಿಗೂ ಕೇಡು. ರಾತ್ರಿಯಿಡೀ ಇಬ್ಬರು ಬಿಡುವ ಉಸಿರಿನ ತೇವವೇ ತಣ್ಣನೆಯ ಗಾಜಿನ ಮೇಲೆ ನೀರಾಗಿ ಇಳಿಯುತ್ತದೆ, ಹಾಸಿಗೆ ಒದ್ದೆಯಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಒದ್ದೆ ಹೊದಿಕೆಗೆ ಬಿಸಿ ಹಿಡಿದಿಟ್ಟುಕೊಳ್ಳುವ ಶಕ್ತಿಯಿಲ್ಲ. ಹೊಗೆ ಕೊಳವೆಯಿಲ್ಲದ ಗ್ಯಾಸ್ ಹೀಟರುಗಳು ಇದನ್ನು ಇನ್ನೂ ಹೆಚ್ಚಿಸುತ್ತವೆ. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಒಳಗೇ ಬಂದು ಸೇರುತ್ತದೆ. ಹಾಗಾಗಿ ಮೇಲಿನ ಕಿಂಡಿ ಒಂದು ಬೆರಳಿನಷ್ಟು ತೆರೆದೇ ಇರುತ್ತದೆ.

ನಿಜ ಹೇಳಬೇಕೆಂದರೆ ಹೆಚ್ಚಿನ ರಾತ್ರಿ ಮಲಗುವ ಮುಂಚೆಯೇ ಹೀಟರ್ ಆರಿಸಿಬಿಡುತ್ತೇವೆ. ಗಾಡಿಯನ್ನು ಕಾಯಿಸುವುದಕ್ಕಿಂತ ಮೈಯನ್ನು ಬೆಚ್ಚಗಿಡುವುದು ಸುಲಭ, ಅಪಾಯವೂ ಕಡಿಮೆ. ಮುಂದಿನ ಗಾಜಿಗೆ ದಪ್ಪ ಪರದೆ ಹಾಕುತ್ತೇವೆ, ಬಿಸಿ ಹೆಚ್ಚಾಗಿ ಸೋರುವುದು ಅಲ್ಲಿಂದಲೇ. ನಮ್ಮ ಭಾರಕ್ಕೆ ಅದುಮಿಹೋದ ಹಾಸಿಗೆ ಕೆಳಗಿನಿಂದ ಬರುವ ಚಳಿಯನ್ನು ತಡೆಯುವುದಿಲ್ಲ, ಆದ್ದರಿಂದ ಅದರ ಅಡಿಗೆ ಇನ್ನೊಂದು ದಪ್ಪ ಹಾಸು. ಮಲಗುವಾಗ ಒಣ ಕಾಲುಚೀಲ, ತಲೆಗೆ ಉಣ್ಣೆಯ ಟೋಪಿ, ಕಾಲ ಬಳಿ ಬಟ್ಟೆ ಸುತ್ತಿದ ಬಿಸಿನೀರಿನ ಚೀಲ. ಮಲಗುವ ಚೀಲ (ಸ್ಲೀಪಿಂಗ್ ಬ್ಯಾಗ್) ಕೊಳ್ಳುವವರು ಅದರ ಚೀಟಿಯಲ್ಲಿರುವ ‘ಕಂಫರ್ಟ್’ ಅಂಕಿಯನ್ನು, ಅಂದರೆ ಎಷ್ಟು ಚಳಿಯವರೆಗೆ ಹಾಯಾಗಿ ಮಲಗಬಹುದು ಎಂಬುದನ್ನು, ಮಾತ್ರ ನಂಬಬೇಕು. ‘ಎಕ್ಸ್‌ಟ್ರೀಮ್’ ಎಂದಿರುವ ಅಂಕಿ ಜೀವ ಉಳಿಯುವ ಲೆಕ್ಕ, ನಿದ್ದೆ ಬರುವ ಲೆಕ್ಕವಲ್ಲ. ಚಳಿಗೆ ಒಂದು ಗುಟುಕು ಮದ್ಯ ಒಳ್ಳೆಯದು ಎಂಬ ಮಾತನ್ನು ತಮ್ಮನ ಗೆಳೆಯರು ಹೇಳಿದರೆ ಅವನು ಕೇಳಬಾರದು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಮೈಯ ಬಿಸಿಯನ್ನು ಹೊರಕ್ಕೆ ಬಿಡುತ್ತದೆ, ಬೆಚ್ಚಗಾದಂತೆ ಅನ್ನಿಸುವುದು ಅದಕ್ಕೇ.

ಅವನು ಬಂದ ದಿನವೇ ಅಲಾರಂ ಪರೀಕ್ಷೆಯ ಗುಂಡಿ, ಬೆಂಕಿ ಆರಿಸುವ ಸಿಲಿಂಡರ್, ಕತ್ತಲಲ್ಲೂ ಕೈಗೆ ಸಿಗುವ ಬಾಗಿಲಿನ ಚಿಲಕ, ಇಷ್ಟನ್ನೂ ತೋರಿಸುತ್ತೇನೆ. ಅವನ ಟಿಕೆಟ್ ಖಾತ್ರಿಯಾದ ಕೂಡಲೇ ತಿಳಿಸಿ. ಜೊತೆಗೆ ಅವನ ಎತ್ತರವನ್ನೂ ಅಳೆದು ಬರೆಯಿರಿ ಅಪ್ಪ, ಮಲಗುವ ಚೀಲ ಅವನ ಅಳತೆಗೆ ಸರಿಯಾಗಿರಬೇಕು, ಮೊದಲೇ ಕೊಂಡಿಡುತ್ತೇನೆ.

ಇಂತಿ ನಿಮ್ಮ ಪ್ರೀತಿಯ,
ಮಗಳು