ಹಡಗು ಹತ್ತಿದ ಮೇಲೆ ಮಾಲು ಯಾರದು?

ಪಣಂಬೂರು,
ಭಾನುವಾರ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದ.

ಐವರಿ ಕೋಸ್ಟ್‌ನಿಂದ ಕಚ್ಚಾ ಗೇರುಬೀಜ ತರಿಸುತ್ತಿದ್ದೀಯಂತೆ, ಮೊದಲ ಸಲಕ್ಕೇ ಮೂರು ಕಂಟೇನರ್. ಅಕ್ಕ ಫೋನಿನಲ್ಲಿ ಹೇಳಿದಳು. ವಿಮೆ ಮಾಡಿಸಿದ್ದಾನಾ ಎಂದು ಕೇಳಿದ್ದಕ್ಕೆ "ಅದೆಲ್ಲ ಅವರೇ ನೋಡಿಕೊಳ್ಳುತ್ತಾರಂತೆ" ಎಂದಳು. ಯಾರು ಮಾರಾಯ ಆ 'ಅವರು'? ವಾಟ್ಸಾಪಿನಲ್ಲಿ ಕೇಳಿದರೆ ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀಯ, ಅದಕ್ಕೇ ಈ ಕಾಗದ.

ನೀನು ಕೊಂಡದ್ದು ಸಿ ಅಂಡ್ ಎಫ್ ಲೆಕ್ಕದಲ್ಲಿ, ಅಂದರೆ ಬೆಲೆಯಲ್ಲಿ ಮಾಲು, ಬಾಡಿಗೆ ಸೇರಿದೆ, ವಿಮೆ ಸೇರಿಲ್ಲ. ಹಡಗಿನ ಬಾಡಿಗೆ ಮಾರಿದವನು ಕಟ್ಟುತ್ತಾನೆ, ನಿಜ. ಆದರೆ ಆಚೆ ಬಂದರಿನಲ್ಲಿ ಮಾಲು ಹಡಗು ಹತ್ತಿತೋ, ಅಲ್ಲಿಂದ ನಷ್ಟವೆಲ್ಲ ನಿನ್ನದೇ. ಹಡಗಿನ ಕಂಪೆನಿ ಕೊಡುತ್ತದೆ ಎಂದುಕೊಂಡಿದ್ದರೆ ಮಾಲು ಹೇರಿಸಿಕೊಂಡದ್ದಕ್ಕೆ ಅವರು ಕೊಡುವ ರಸೀದಿ, ಬಿಲ್ ಆಫ್ ಲೇಡಿಂಗ್‌ನ ಹಿಂಬದಿ ಇರುವೆಸಾಲಿನ ಹಾಗೆ ಅಚ್ಚಾಗಿದೆಯಲ್ಲ, ಅದನ್ನು ಓದು. ಕಡಲಿನ ಅಪಾಯಕ್ಕೆ, ಕ್ಯಾಪ್ಟನ್ ಹಡಗು ನಡೆಸುವಲ್ಲಿ ತಪ್ಪಿದ್ದಕ್ಕೆ, ಕಂಪೆನಿಯ ಸ್ವಂತ ತಪ್ಪಿಲ್ಲದೆ ಬಿದ್ದ ಬೆಂಕಿಗೆ ಅವರು ಹೊಣೆಯಲ್ಲ. ಹೊಣೆ ಒಪ್ಪಿದರೂ ಮೂಟೆಗೆ ಇಷ್ಟು, ಕಿಲೋಗೆ ಇಷ್ಟು ಎಂದು ಮಿತಿ.

2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಕೊಚ್ಚಿಯಾಚೆ ಮುಳುಗಿತು. ಆರುನೂರಕ್ಕೂ ಹೆಚ್ಚು ಕಂಟೇನರ್, ಗೇರುಬೀಜದವೂ ಇದ್ದವು. ಹದಿನೈದು ದಿನಕ್ಕೆ ಇನ್ನೊಂದು ಹಡಗು, ವಾನ್ ಹೈ 503, ಹೊತ್ತಿ ಉರಿಯಿತು. ಅದರ 18 ನಾವಿಕರನ್ನು ನೌಕಾಪಡೆ ತಂದಿಳಿಸಿದ್ದು ಇಲ್ಲೇ, ನಮ್ಮ ಮಂಗಳೂರು ಬಂದರಿನಲ್ಲಿ.

ಮಾಲಿಗೆ ಏನೂ ಆಗದಿದ್ದರೂ ದುಡ್ಡು ಬಿಚ್ಚಬೇಕಾಗಬಹುದು, ಗೊತ್ತಾ? ಹಡಗನ್ನು ಗಂಡಾಂತರದಿಂದ ಪಾರು ಮಾಡಿದ ಖರ್ಚಿನಲ್ಲಿ ಮಾಲಿನವರಿಗೂ ಪಾಲುಂಟು. ಜನರಲ್ ಆವರೇಜ್ ಎನ್ನುತ್ತಾರೆ. 2021ರಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ನಿಂತಾಗಲೂ ಇದನ್ನೇ ಸಾರಿದರು. ವಿಮೆ ಇದ್ದವರಿಗೆ ವಿಮೆಯವರು ಗ್ಯಾರಂಟಿ ಬರೆದುಕೊಡುತ್ತಾರೆ. ಇಲ್ಲದವರು ನಗದು ಠೇವಣಿ ಇಟ್ಟು ತಮ್ಮದೇ ಮಾಲು ಬಿಡಿಸಿಕೊಳ್ಳಬೇಕು.

ಪಾಲಿಸಿ ಎಂದರೆ ಎಲ್ಲ ಒಂದೇ ಅಲ್ಲ. ಅಗ್ಗದ 'ಸಿ' ಕ್ಲಾಸಿನಲ್ಲಿ ಬೆಂಕಿ, ಮುಳುಗಡೆ ಇಂಥವಷ್ಟೇ. ಕಳವು, ಕಂಟೇನರಿನೊಳಗೇ ಹನಿಗಟ್ಟಿ ಸುರಿಯುವ ಬೆವರು ಸೇರಿಲ್ಲ. ನೀನು 'ಎ' ಕೇಳು. ಅದರಲ್ಲೂ ಮಾಲು ತನ್ನ ಹುಟ್ಟುಗುಣದಿಂದಲೇ ಕೆಟ್ಟದ್ದು, ಕಳಪೆ ಪ್ಯಾಕಿಂಗ್, ತಡ ಇವಕ್ಕೆ ಸಿಗದು. ಬೀಜ ಮೊದಲೇ ಹಸಿಯಿತ್ತು ಎಂದು ಅವರು ಜಾರಿಕೊಳ್ಳದ ಹಾಗೆ ಹೇರುವಾಗಲೇ ತೇವಾಂಶದ ಸರ್ಟಿಫಿಕೇಟ್ ಮಾಡಿಸು. ಯುದ್ಧ, ಮುಷ್ಕರ ಬೇರೆಯಾಗಿ ಸೇರಿಸಬೇಕು. ವಿಮೆ ಬೈಕಂಪಾಡಿಯ ನಿನ್ನ ಗೋದಾಮಿನ ತನಕ ಇರಲಿ. ಪ್ರೀಮಿಯಂ ಸಾಮಾನ್ಯವಾಗಿ ಬೆಲೆಯ ನೂರಕ್ಕೆ ಒಂದರಷ್ಟೂ ಆಗುವುದಿಲ್ಲ.

ಬೆವರು ಅಂದೆನಲ್ಲ. ನಾನು ಬಂದರಿನಲ್ಲಿ ಮಾಲು ಬಿಡಿಸುವ ಕ್ಲಿಯರಿಂಗ್ ಕೆಲಸದಲ್ಲಿದ್ದಾಗ ಒಂದು ಮಳೆಗಾಲ ಒಂದು ಕಂಟೇನರಿನ ಸೀಲು ಕತ್ತರಿಸಿ ಬಾಗಿಲು ತೆಗೆದೆವು. ಮುಖಕ್ಕೇ ಬಿಸಿ ಹಬೆ, ಮುಗ್ಗಲು ವಾಸನೆ. ಮಾಡಿನ ತಗಡಿನಲ್ಲಿ ನೀರಹನಿ ಸಾಲಾಗಿ ತೂಗುತ್ತಿತ್ತು, ಮೇಲಿನ ಗೋಣಿಗಳು ಕಪ್ಪಿಟ್ಟಿದ್ದವು. ಬಾಗಿಲ ರಬ್ಬರು ಒಣಗಿಯೇ ಇತ್ತು, ನೀರೆಲ್ಲ ಒಳಗಿನದೇ. ಯಜಮಾನರು ಗಾಬರಿಯಲ್ಲಿ, ನಷ್ಟ ನೋಡಿ ಅಳೆಯುವ ಸರ್ವೇಯರ್ ಬರುವ ಮೊದಲೇ ಎಲ್ಲವನ್ನೂ ಸಾಗಿಸಿ ಗೋದಾಮಿನ ನೆಲದಲ್ಲಿ ಹರಡಿಸಿದರು. ನಾನೂ ಬೇಡ ಎನ್ನಲಿಲ್ಲ, ಈಗಲೂ ಚುಚ್ಚುತ್ತದೆ. ಯಾವ ಮೂಟೆ ಎಲ್ಲಿತ್ತು ಎಂದು ತೋರಿಸಲಾಗದೆ ಕ್ಲೈಮ್ ಸೊರಗಿತು. ನಿನಗೆ ಹಾಗಾದರೆ ಫೋಟೋ ತೆಗೆದು ಮಾಲನ್ನು ಇದ್ದಲ್ಲೇ ಬಿಡು, ಸರ್ವೇಯರನ್ನು ಕರೆಸು, ಹಡಗಿನವರಿಗೆ ಮೂರು ದಿನದೊಳಗೆ ಬರೆದುಕೊಡು.

ಹಡಗು ಇನ್ನೂ ಹೊರಟಿಲ್ಲವಂತೆ. ಬುಧವಾರ ಒಪ್ಪಂದದ ಪ್ರತಿ ಹಿಡಿದುಕೊಂಡು ಬಾ, ಕೂತು ಓದುವ. ಅತ್ತೆ ಪತ್ರೊಡೆ ಮಾಡುತ್ತಾಳಂತೆ.

ನಿನ್ನ ಮಾವ