ನಮ್ಮ ಪೆಟ್ಟಿಗೆಗಳನ್ನು ಕಾದವರಿಗೆ

ಕಳೆದ ವಾರ ನಾವು ಅಮೆರಿಕದ ಸಿಯಾಟಲ್‌ಗೆ ವಾಪಸ್ ಬಂದು ಸೇರಿದೆವು. ಅಣ್ಣ, ಅತ್ತಿಗೆ, ನಿಮ್ಮ ಗ್ಯಾರೇಜಿನ ಬಾಗಿಲು ತೆಗೆದಾಗ ನಮ್ಮ 14 ರಟ್ಟಿನ ಪೆಟ್ಟಿಗೆಗಳು ಗೋಡೆ ಪಕ್ಕ ಹಾಗೇ ಇದ್ದವು. ನೆಲದ ಥಂಡಿ ತಾಗಬಾರದು ಅಂತ ಕೆಳಗೆ ಮರದ ಹಲಗೆ ಹಾಕಿದ್ದಿರಿ. ನಾವು ಅದನ್ನು ಕೇಳಿರಲೇ ಇಲ್ಲ. ಅವತ್ತು ಬಾಯಿಂದ ಮಾತು ಹೊರಡಲಿಲ್ಲ, ಅದಕ್ಕೇ ಎಲ್ಲರ ಎದುರು ಬರೆಯುತ್ತಿದ್ದೇನೆ.

2019ರಲ್ಲಿ ನನ್ನ ಕೆಲಸ ಹೋಯಿತು. ವೀಸಾ ಲೆಕ್ಕದಲ್ಲಿ ಬೇರೆ ಕೆಲಸ ಹುಡುಕಲು ಇಲ್ಲವೇ ದೇಶ ಬಿಡಲು ಕೈಲಿದ್ದದ್ದು 60 ದಿನ. ಹೊರಡುವ ಮುಂಚೆ ನೀವು ನಮ್ಮನ್ನು ಪನಾಮಾ ಹೋಟೆಲಿಗೆ ಟೀ ಕುಡಿಯಲು ಕರೆದುಕೊಂಡು ಹೋಗಿದ್ದಿರಿ, ನೆನಪಿದೆಯಾ? ಹಳೇ ಜಪಾನಿ ಕೇರಿ ನಿಹೊನ್‌ಮಾಚಿಯ ಇಟ್ಟಿಗೆ ಕಟ್ಟಡ. 1910ರದು, ನಕ್ಷೆ ಸಬ್ರೊ ಒಜಾಸ ಅವರದು. ಆಗೆಲ್ಲ ಮೇಲೆ ಕೂಲಿಗೆ ಬಂದವರಿಗೆ ಬಾಡಿಗೆ ರೂಮುಗಳು, ನೆಲಮಾಳಿಗೆಯಲ್ಲಿ ಹಶಿದಾತೆ-ಯು ಅನ್ನುವ ಸ್ನಾನದ ಮನೆ. ದಿನವಿಡೀ ದುಡಿದು ಬಂದು ಬಿಸಿನೀರಲ್ಲಿ ಮುಳುಗಿ ಕೂರುವುದು, ನಮ್ಮ ಹಂಡೆ ನೀರಿನ ಸುಖವೇ ಅಲ್ವಾ!

ಆದರೆ ನನ್ನ ಕಣ್ಣಲ್ಲಿ ಉಳಿದದ್ದು ಟೀ ರೂಮಿನ ನೆಲಕ್ಕೆ ಹಾಕಿದ್ದ ಗಾಜು. ಬಗ್ಗಿ ನೋಡಿದರೆ ಕೆಳಗೆ ಟ್ರಂಕು, ಸೂಟ್‌ಕೇಸು. 1942ರಲ್ಲಿ, ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದಾಗ, ಅಮೆರಿಕ ಸರ್ಕಾರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಬಂಧನದ ಕ್ಯಾಂಪುಗಳಿಗೆ ಸಾಗಿಸಿತು. ಕೈಯಲ್ಲಿ ಹೊರುವಷ್ಟು ಮಾತ್ರ ಒಯ್ಯಬಹುದಿತ್ತು. ಉಳಿದದ್ದನ್ನು ಎಷ್ಟೋ ಮನೆಯವರು ಈ ನೆಲಮಾಳಿಗೆಯಲ್ಲಿ ಇಟ್ಟು ಹೋದರು. ಮಾಲೀಕ ತಕಾಶಿ ಹೋರಿ ಅವರೂ ಕ್ಯಾಂಪಿಗೆ ಹೋಗಬೇಕಾಯಿತು. ಯುದ್ಧ ಮುಗಿದು ವಾಪಸ್ ಬಂದ ಮೇಲೂ, ಕೇಳಿಕೊಂಡು ಬಾರದವರ ಸಾಮಾನನ್ನು ಹಾಗೇ ಇಟ್ಟುಕೊಂಡರು. 1985ರಲ್ಲಿ ಕಟ್ಟಡ ಕೊಂಡ ಜ್ಯಾನ್ ಜಾನ್ಸನ್ ಅವರೂ ಅದನ್ನು ಜೋಪಾನ ಮಾಡಿದರು. 2006ರಲ್ಲಿ ಕಟ್ಟಡ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಾಯಿತು.

ಅವರ ಕಷ್ಟಕ್ಕೂ ನಮ್ಮದಕ್ಕೂ ಹೋಲಿಕೆಯೇ ಇಲ್ಲ. ಕ್ಯಾಂಪಿಗೆ ಹೋದವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದವರು. ನಮಗಾದರೆ ಹೋಗಲು ಹಾಸನ ಇತ್ತು, ಅಮ್ಮ ಇದ್ದರು. ಆದರೂ ಆ ಗಾಜಿನ ಪಕ್ಕ ನಿಂತು ಅತ್ತಿಗೆ ಮೆಲ್ಲಗೆ ಅಂದ ಮಾತು ಮರೆಯುವುದಿಲ್ಲ: “ಏನೂ ಮಾರಬೇಡಿ. ನಮ್ಮ ಮನೇಲಿಡಿ.” ಊರಲ್ಲಿ ನಿದ್ದೆ ಬಾರದ ರಾತ್ರಿ ಅದನ್ನೇ ನೆನೆಯುತ್ತಿದ್ದೆ. ಸಾಮಾನು ಅಲ್ಲಿದೆ, ಅಂದ ಮೇಲೆ ನಾವೂ ಹೋಗುತ್ತೇವೆ ಅಂತ.

ಹೋರಿಯವರಿಗೆ, ಜಾನ್ಸನ್ ಅವರಿಗೆ, ನಿಮ್ಮಿಬ್ಬರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ. ಆರನೇ ಪೆಟ್ಟಿಗೆಯಲ್ಲಿ ಇಡ್ಲಿ ಪಾತ್ರೆ ಸಿಕ್ಕಿತು, ಒಂದು ತಟ್ಟೆಯೂ ಸೊಟ್ಟಗಾಗಿಲ್ಲ. ಭಾನುವಾರ ತಿಂಡಿಗೆ ಬಂದುಬಿಡಿ.